ಅಪ್ಪನ ಕಾರ್ಡಿನಲ್ಲಿದ್ದ ಓ

ನಮ್ಮ ಮನೆಯಲ್ಲಿ ಬರೆದದ್ದನ್ನು ಅಳಿಸುವ ಪದ್ಧತಿ ಇರಲಿಲ್ಲ. ಅಪ್ಪ ಗೊರೂರಿನಲ್ಲಿ ಹೊಳೆಯ ನೀರಿನ ಮಟ್ಟ ನೋಡಿ ಬರೆಯುವ ಕೆಲಸದಲ್ಲಿದ್ದರು. ಬೆಳಿಗ್ಗೆ ಎಂಟಕ್ಕೆ ಕ್ವಾರ್ಟರ್ಸಿನಿಂದ ಸೈಕಲ್ಲಿನಲ್ಲಿ ಹೋಗಿ, ನೀರಿಗೆ ಇಳಿದ ಗೇಜಿನ ಕಲ್ಲುಕಂಬದ ಮೇಲಿನ ಅಂಕಿಗಳನ್ನು ಓದಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ತಪ್ಪಾದರೆ ರಬ್ಬರ್ ಮುಟ್ಟುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದದ್ದು, ಕೆಳಗೆ ಸಹಿ. ನನ್ನ ಶಾಲೆಯ ಪುಸ್ತಕಗಳಲ್ಲೂ ಅವರು ಅದನ್ನೇ ಬಯಸುತ್ತಿದ್ದರು. "ತಪ್ಪೂ ಓದಾಕ್ ಬರಂಗಿರ್ಬೇಕು ಕಣವ್ವ" ಎನ್ನುತ್ತಿದ್ದರು. ನಾನು ವಿಜ್ಞಾನ ಓದಲು ಹೊರಟದ್ದಕ್ಕೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾಸನದಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ದಿನಾ ಗೊರೂರಿನಿಂದ ಬಸ್ಸು. ಒಂದು ದಿನ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ನಮ್ಮ ನಮ್ಮ ರಕ್ತದ ಗುಂಪನ್ನು ನಾವೇ ಪತ್ತೆಮಾಡಬೇಕಿತ್ತು. ಬೆರಳು ಚುಚ್ಚಿ ಗಾಜಿನ ಸ್ಲೈಡಿನ ಮೇಲೆ ಎರಡು ಹನಿ ರಕ್ತ ಇಡುವುದು; ಒಂದಕ್ಕೆ ನೀಲಿ ದ್ರವ, ಇನ್ನೊಂದಕ್ಕೆ ಹಳದಿ. ನೀಲಿ ಹಾಕಿದ ಹನಿ ಒಡೆದ ಹಾಲಿನಂತೆ ಸಣ್ಣ ಸಣ್ಣ ಗಂಟಾದರೆ ಎ, ಹಳದಿಯದು ಗಂಟಾದರೆ ಬಿ, ಯಾವುದೂ ಆಗದಿದ್ದರೆ ಓ. ನನ್ನವು ಎರಡೂ ಒಡೆದವು. ಮೇಡಂ ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಎಬಿ ಕಣಮ್ಮ. ಇಡೀ ಕ್ಲಾಸಿಗೆ ನೀನೊಬ್ಬಳೇ." ನನಗೆ ಸಣ್ಣ ಹೆಮ್ಮೆಯಾಯಿತು. ಮುಂದಿನ ವಾರದೊಳಗೆ ತಂದೆತಾಯಿಯ ಗುಂಪನ್ನೂ ಕೇಳಿ ತಿಳಿದು, ವಂಶದ ನಕ್ಷೆ ಬರೆದು ರೆಕಾರ್ಡಿನಲ್ಲಿ ಅಂಟಿಸಿ ತರಬೇಕೆಂದರು.

ಅಪ್ಪನ ಗುಂಪು ನನಗೆ ಗೊತ್ತಿತ್ತು. ಹಿಂದೊಮ್ಮೆ ಹೊರಗಿನಿಂದ ಬಂದ ಯಾವುದೋ ತಂಡದವರು ಅಣೆಕಟ್ಟೆಯ ಪಕ್ಕದಲ್ಲೇ ಆರೋಗ್ಯ ತಪಾಸಣೆ ನಡೆಸಿ ಎಲ್ಲ ನೌಕರರಿಗೂ ಒಂದೊಂದು ರಟ್ಟಿನ ಕಾರ್ಡು ಕೊಟ್ಟಿದ್ದರು. ಅಪ್ಪ ಅದನ್ನು ಪ್ಲಾಸ್ಟಿಕ್ಕಿನ ಕವರಿನಲ್ಲಿಟ್ಟು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ರಕ್ತದ ಗುಂಪಿನ ಚೌಕದಲ್ಲಿ ದುಂಡನೆಯ ಓ. ಅವ್ವನದು ಬಿ, ನಾನು ಹುಟ್ಟಿದಾಗ ಅರಕಲಗೂಡಿನ ಆಸ್ಪತ್ರೆಯಲ್ಲಿ ಕೊಟ್ಟ ಚೀಟಿ ಟ್ರಂಕಿನಲ್ಲಿತ್ತು. ಎರಡನ್ನೂ ಬರೆದುಕೊಂಡು ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕುಳಿತು ಚೀಟಿಯ ಹಿಂದೆ ನಕ್ಷೆ ಹಾಕಿದೆ.

ಎಬಿ ಗುಂಪಿನವರಿಗೆ ಎ ಒಬ್ಬರಿಂದ ಬರಬೇಕು, ಬಿ ಇನ್ನೊಬ್ಬರಿಂದ. ಅವ್ವ ಬಿ ಕೊಟ್ಟರೆ ಅಪ್ಪ ಎ ಕೊಡಬೇಕು. ಓ ಗುಂಪಿನವರ ಹತ್ತಿರ ಕೊಡಲು ಎ ಇರುವುದೇ ಇಲ್ಲ. ಮೂರು ಸಲ ಹಾಕಿದೆ. ಮೂರು ಸಲವೂ ನಾನು ಅಪ್ಪನ ಮಗಳಾಗಲಿಲ್ಲ.

ಅಪ್ಪನಿಗೆ ಒಬ್ಬ ಅಕ್ಕ, ಚನ್ನರಾಯಪಟ್ಟಣದಲ್ಲಿದ್ದರು. ಈ ಅತ್ತೆ ನಾನು ಚಿಕ್ಕವಳಿದ್ದಾಗಿನಿಂದ ಒಂದೇ ತಮಾಷೆ ಮಾಡುತ್ತಿದ್ದರು: "ನಿನ್ನೇನ್ ಎತ್ತಿದ್ದಲ್ಲ ಕಣೇ, ನಮ್ಮೂರ್ ಸಂತೇಲಿ ಎಲ್ಡ್ ಸೇರು ತೌಡು ಕೊಟ್ಟು ತಂದಿದ್ದು." ನಮ್ಮ ಕಡೆ ಪ್ರತಿಯೊಂದು ಮಗುವಿಗೂ ಯಾರಾದರೂ ಹೇಳುವ ಮಾತು ಅದು. ನಾನು ಐದು ವರ್ಷದವಳಿದ್ದಾಗ ಅದನ್ನು ಕೇಳಿ ಅತ್ತಿದ್ದೆನಂತೆ. ಈಗ ಹತ್ತೊಂಬತ್ತರಲ್ಲಿ ಬಸ್ಸಿನಲ್ಲಿ ಕುಳಿತು ಅದೇ ಮಾತನ್ನು ಒಂದು ಸಾಧ್ಯತೆಯಾಗಿ ಪರಿಶೀಲಿಸಿದೆ. ಆ ಸಾಧ್ಯತೆ ನಿಲ್ಲಲಿಲ್ಲ. ಅರಕಲಗೂಡಿನ ಚೀಟಿಯಲ್ಲಿ ಅವ್ವನ ಹೆಸರಿನ ಕೆಳಗೆ ಹೆಣ್ಣು ಮಗು ಎಂದು, ಹುಟ್ಟಿದ ಹೊತ್ತಿನ ಸಮೇತ, ಸ್ಪಷ್ಟವಾಗಿತ್ತು. ತೌಡು ಸುಳ್ಳಾದದ್ದು ಸಮಾಧಾನ ತರುವ ಬದಲು ಇನ್ನೂ ಹೆದರಿಸಿತು. ಉಳಿದ ಸಾಧ್ಯತೆಯನ್ನು ನಾನು ಮನಸ್ಸಿನಲ್ಲೂ ವಾಕ್ಯ ಪೂರ್ತಿ ಮಾಡಿ ಹೇಳಿಕೊಳ್ಳಲಿಲ್ಲ. ಅದಕ್ಕೆ ಬದಲು ಆಸ್ಪತ್ರೆಯಲ್ಲಿ ಮಕ್ಕಳು ಅದಲುಬದಲಾಗಿರಬಹುದು ಎಂದು ಒಂದು ಕಥೆ ಕಟ್ಟಿದೆ. ಅವ್ವನ ಬಗ್ಗೆ ಕೆಟ್ಟದ್ದು ಯೋಚಿಸುವುದಕ್ಕಿಂತ ನಾನೇ ಬೇರೆ ಯಾರದೋ ಮಗಳಾಗಿಬಿಡುವುದು ಸುಲಭವೆನಿಸಿತ್ತು.

ಮೇಡಂಗೆ ರೆಕಾರ್ಡ್ ಕೊಡಬೇಕಿತ್ತು. ನಕ್ಷೆಯಲ್ಲಿ ಅಪ್ಪನ ಚೌಕದೊಳಗೆ ಎ ಎಂದು ಬರೆದೆ. ಆಮೇಲೆ ಎಷ್ಟೋ ಹೊತ್ತು ಪೆನ್ನಿನ ಮುಚ್ಚಳ ಹಾಕಲು ಮರೆತು ಕುಳಿತಿದ್ದೆ. ನೋಡದೆ ಬರೆದ ಮೊದಲ ಅಕ್ಷರ ಅದು. ಮೇಡಂ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ, ನೀಟಾಗಿದೆ ಎಂದು ಬರೆದರು.

ನಾಲ್ಕು ತಿಂಗಳು ಹೀಗೇ ಕಳೆಯಿತು. ಊಟಕ್ಕೆ ಕುಳಿತಾಗ ಅಪ್ಪನ ಕಿವಿಯನ್ನು ನೋಡುತ್ತಿದ್ದೆ. ಅವರ ಕಿವಿಯ ಕೆಳತುದಿ ಕೆನ್ನೆಗೆ ಅಂಟಿಕೊಂಡಿತ್ತು, ನನ್ನದು ಬಿಡಿಯಾಗಿತ್ತು. ಅವರು ಮುದ್ದೆ ಮುರಿಯುತ್ತಿದ್ದದ್ದು ಎಡಗೈಯಲ್ಲಿ, ನಾನು ಬಲಗೈಯಲ್ಲಿ. ಇಷ್ಟು ವರ್ಷ ಕಣ್ಣಿಗೆ ಬೀಳದ ವ್ಯತ್ಯಾಸಗಳು ಸಾಲುಗಟ್ಟಿ ಬಂದವು. ನಮ್ಮಿಬ್ಬರಿಗೂ ಬಲಗಣ್ಣಿನ ಹುಬ್ಬು ಒಂದೇ ಜಾಗದಲ್ಲಿ ಕತ್ತರಿಸಿದಂತೆ ಇರುವುದು ಮಾತ್ರ ಆ ದಿನಗಳಲ್ಲಿ ನನಗೆ ಕಾಣಲಿಲ್ಲ. ಅದು ಕನ್ನಡಿಯಲ್ಲಿ ದಿನಾ ಇತ್ತು.

"ಏನವ್ವ, ಅಂಗ್ ನೋಡ್ತಿದ್ದೀಯ?" ಎಂದು ಅಪ್ಪ ಒಮ್ಮೆ ಕೇಳಿದರು.

"ಏನಿಲ್ಲ."

"ಮೂತೀಗ್ ಮುದ್ದೆ ಮೆತ್ಕಂಡೈತಾ?"

ಅವ್ವ ಸಾರಿನ ಸೌಟು ಹಿಡಿದೇ ನಕ್ಕರು. ನಾನು ತಟ್ಟೆ ಎತ್ತಿಕೊಂಡು ಎದ್ದುಹೋದೆ. ಅವ್ವನ ಮುಖ ನೋಡಿ ಮಾತನಾಡುವುದನ್ನು ಆಗಲೇ ಕಡಿಮೆ ಮಾಡಿದ್ದೆ. ಪರೀಕ್ಷೆಯ ಚಿಂತೆ ಎಂದುಕೊಂಡು ಅವರು ನನ್ನ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದರು. ಆ ಕೈಯ ಕೆಳಗೆ ಕುಳಿತು ನಾನು ಅವರ ಬಗ್ಗೆ ಲೆಕ್ಕ ಹಾಕುತ್ತಿದ್ದೆ.

ಆ ಮಳೆಗಾಲ ಕಳೆದ ಮೇಲೆ ಅತ್ತೆಗೆ ಹೊಟ್ಟೆಯ ಆಪರೇಷನ್ ಆಗಬೇಕಾಯಿತು. ಹಾಸನದ ಒಂದು ನರ್ಸಿಂಗ್ ಹೋಮಿನಲ್ಲಿ ಸೇರಿಸಿದರು. ಇಬ್ಬರು ಬಂದು ರಕ್ತ ಕೊಡಬೇಕೆಂದರು. ಅಪ್ಪ ತಮ್ಮ ಜೊತೆ ಅಣೆಕಟ್ಟೆಯಲ್ಲಿ ಗೇಟ್ ಆಪರೇಟರ್ ಆಗಿದ್ದ ಬೂವನಹಳ್ಳಿಯವರೊಬ್ಬರನ್ನು ಕರೆದುಕೊಂಡು ಬಂದರು. ಅವರು ಅಪ್ಪನಿಗಿಂತ ಚಿಕ್ಕವರು, ಅಣ್ಣ ಎಂದೇ ಕರೆಯುತ್ತಿದ್ದರು. ನಾನು ಕಾಲೇಜು ಮುಗಿಸಿ ಮಧ್ಯಾಹ್ನ ಅಲ್ಲಿಗೆ ಹೋದಾಗ ಇಬ್ಬರೂ ಲ್ಯಾಬಿನ ಮುಂದಿನ ಬೆಂಚಿನಲ್ಲಿದ್ದರು. ಅಪ್ಪ ಕೈಯಲ್ಲಿ ಆ ಕಾರ್ಡು ಹಿಡಿದುಕೊಂಡಿದ್ದರು.

"ನಂದು ಓ ಗ್ರೂಪು. ಯಾರಿಗ್ ಬೇಕಾದ್ರೂ ಆಯ್ತದಂತೆ" ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಅವರ ದನಿಯಲ್ಲಿ ಹೆಮ್ಮೆಯಿತ್ತು. ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು. ಒಳಗಿನಿಂದ ಬರುವ ಉತ್ತರ ನನಗೆ ಗೊತ್ತಿತ್ತು. ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಬೇಡವಾಗಿತ್ತು. ಆದರೂ ಕುಳಿತೆ.

ಲ್ಯಾಬಿನವರು ಕಾರ್ಡನ್ನು ನೋಡಲೇ ಇಲ್ಲ. "ಕಾರ್ಡಿದ್ರೂ ನಾವು ಟೆಸ್ಟ್ ಮಾಡ್ಲೇಬೇಕು" ಎಂದು ಇಬ್ಬರ ಬೆರಳನ್ನೂ ಚುಚ್ಚಿ ಕಳಿಸಿದರು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಿಗೆ ಬಂದು ಅಪ್ಪನ ಹೆಸರು ಕೂಗಿದರು.

"ಓ!" ಎಂದರು ಅಪ್ಪ.

ಅದು ಆಸ್ಪತ್ರೆಯ ಓ ಆಗಿರಲಿಲ್ಲ. ಹೊಳೆಯ ಆ ದಡದಿಂದ ಕೂಗಿದವರಿಗೆ ಈ ದಡದಿಂದ ಕೇಳಿಸಬೇಕಾದ ಓ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಗುವೊಂದು ಅಳತೊಡಗಿತು.

"ಓ ಅಲ್ಲ ಯಜಮಾನ್ರೇ, ಎ" ಎಂದರು ಲ್ಯಾಬಿನವರು. "ನಿಮ್ಮದು ಎ ಪಾಸಿಟಿವ್."

ಅಪ್ಪ ಕಾರ್ಡನ್ನು ಮುಂದೆ ಹಿಡಿದರು. "ಇಲ್ಲ ಸಾ, ನೋಡಿ ಇಲ್ಲಿ. ಓ ಅಂತ ಬರ್ದವ್ರೆ."

"ಯಾರು ಬರೆದ್ರೋ ಗೊತ್ತಿಲ್ಲ. ಎರಡು ಸಲ ಹಾಕಿದೀನಿ. ಬಂದು ನೋಡ್ಕೊಳ್ಳಿ ಬೇಕಾದ್ರೆ."

ಅಪ್ಪನ ಬದಲು ನಾನು ಹೋಗಿ ನೋಡಿದೆ. ಸ್ಲೈಡಿನ ಮೇಲೆ ನೀಲಿಯ ಹನಿ ಒಡೆದಿತ್ತು, ಹಳದಿಯದು ನಯವಾಗಿ ಹಾಗೇ ಇತ್ತು. ಗಾಜನ್ನು ಬೆಳಕಿಗೆ ಓರೆಮಾಡಿ ಇನ್ನೊಮ್ಮೆ ನೋಡಿದೆ. ಆ ಸಣ್ಣ ಸಣ್ಣ ಗಂಟುಗಳು ನನ್ನ ಸ್ಲೈಡಿನಲ್ಲಿದ್ದಂಥವೇ.

ಹೊರಗೆ ಬಂದಾಗ ಬೂವನಹಳ್ಳಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಅಣ್ಣೋ, ಗ್ಯಾಪ್ಕ ಇಲ್ವಾ? ಕಾರ್ಡ್ ಕೊಟ್ಟಿದ್ ದಿನ ಗೇಟ್ ಎತ್ತಿದ್ವಿ. ನೀರಿನ್ ಸದ್ದಿಗೆ ಏನೂ ಕೇಳ್ತಿರ್ನಿಲ್ಲ. ಒಬ್ಬ ನಿಂತ್ಕಂಡು ಎಸ್ರು ಕೂಗಿ, ಆಮೇಲ್ ಗ್ರೂಪ್ ಯೋಳೋನು. ಇನ್ನೊಬ್ಬ ಕುಂತ್ಕಂಡು ಬರ್ಯೋನು. ಎಸ್ರು ಕೂಗಿದ್ರೆ ನಾವ್ ಸುಮ್ಕಿರ್ತೀವಾ? ಓ ಅಂತೀವಿ. ಅವ್ನು ಎಸ್ರಿನ್ ಮುಂದೆ ಓ ಅಂತ ಜಡ್ದವ್ನೆ!"

"ನಿಂದೂ ಓನೇ ಅಲ್ವೇನ್ಲಾ?"

"ನಂದೂ ಓ. ನಮ್ ಸೆಕ್ಷನ್ನಿಗೆ ಸೆಕ್ಷನ್ನೇ ಓ ಕಣಣ್ಣೋ. ಜೀಪ್ ಡ್ರೈವರ್ ಒಬ್ನೇ ಬಿ."

"ಅವನ್ಯಾಕ್ಲಾ ಬಿ?"

"ಬಂದೆ ಸಾ ಅಂದಿರ್ಬೇಕು!"

ಡ್ರೈವರಿನ ವಿಷಯ ಎಷ್ಟು ನಿಜವೋ ನಾನು ವಿಚಾರಿಸಲಿಲ್ಲ. ಅಷ್ಟರಲ್ಲಿ ಲ್ಯಾಬಿನವರು ಬೂವನಹಳ್ಳಿಯವರನ್ನು ಕರೆದು, ಅವರದು ಓ ಪಾಸಿಟಿವ್ ಎಂದರು. ಅವರ ನಗು ನಿಂತು ಮುಖ ಪೆಚ್ಚಾಯಿತು. "ನಂದು ಸರ್ಯಾಗೇ ಬರ್ದವ್ರಲ್ಲಣ್ಣ!"

"ಅದು ಸರ್ಯಾಗ್ ಬರ್ದಿದ್ದಲ್ಲ ಕಣ್ಲಾ, ಕಣ್ ಮುಚ್ಕಂಡ್ ಎಸ್ದಿದ್ ಕಲ್ಲು ತಗುಲ್ಕಂಡಿದ್ದು" ಎಂದರು ಅಪ್ಪ.

ಅವರಿಬ್ಬರೂ ರಕ್ತ ಕೊಡಲು ಒಳಗೆ ಹೋದರು. ನಾನು ಬೆಂಚಿನ ಮೇಲೆ ಒಬ್ಬಳೇ ಕುಳಿತೆ. ಅಳು ಬರಬಹುದೆಂದುಕೊಂಡಿದ್ದೆ, ಬರಲಿಲ್ಲ. ಹಸಿವಾಯಿತು. ಎಷ್ಟೋ ವಾರಗಳಿಂದ ಹೊತ್ತಿಗೆ ಸರಿಯಾಗಿ ತಟ್ಟೆಯ ಮುಂದೆ ಕುಳಿತಿದ್ದೆ, ಹಸಿವಾಗಿರಲಿಲ್ಲ. ಎದುರಿನ ಹೋಟೆಲಿಗೆ ಹೋಗಿ ನಾಲ್ಕು ಇಡ್ಲಿ ತಿಂದು, ಮತ್ತೆರಡು ಹಾಕಿಸಿಕೊಂಡೆ. ಐದನೆಯ ಇಡ್ಲಿಯ ಹೊತ್ತಿಗೆ ಅವ್ವ ನೆನಪಾದರು. ಆಗ ನಾಚಿಕೆಯಾಯಿತು.

ಆ ನಾಚಿಕೆಯನ್ನು ಆಮೇಲೆ ಬಹಳ ಸಲ ಬಿಡಿಸಿ ನೋಡಿದ್ದೇನೆ. ನನ್ನ ಮುಂದೆ ಮೂರು ಅಂಶಗಳಿದ್ದವು: ನನ್ನ ರಕ್ತ, ಅವ್ವನ ಚೀಟಿ, ಅಪ್ಪನ ಕಾರ್ಡು. ಒಂದಕ್ಕೊಂದು ಹೊಂದಲಿಲ್ಲ. ಮೂರರಲ್ಲಿ ಯಾವುದೋ ತಪ್ಪಿರಬೇಕು ಎಂಬುದು ಮೊದಲ ಪಾಠ. ಮತ್ತೊಮ್ಮೆ ಪರೀಕ್ಷಿಸು ಎಂಬುದು ಎರಡನೆಯದು. ನಾನು ಹುಟ್ಟಿದಂದಿನಿಂದ ನೋಡಿದ್ದ ಹೆಂಗಸನ್ನು ಅನುಮಾನಿಸಿದೆ. ಯಾರೋ ಅಪರಿಚಿತ ಗದ್ದಲದಲ್ಲಿ ಕುಳಿತು ಬರೆದ ಒಂದು ಅಕ್ಷರವನ್ನು ಅನುಮಾನಿಸಲಿಲ್ಲ. ಅದು ಕಾಗದದ ಮೇಲಿತ್ತು ಎಂಬುದೊಂದೇ ಕಾರಣ. ಮನುಷ್ಯರ ಬುದ್ಧಿ ಹೀಗೇಕೆ ಕೆಲಸಮಾಡುತ್ತದೆ ಎಂಬ ಪ್ರಶ್ನೆಗೆ ನಾನು ಓದಿದ ಯಾವ ವಿಷಯದಲ್ಲೂ ಪೂರ್ತಿ ಉತ್ತರ ಸಿಕ್ಕಿಲ್ಲ. ಇನ್ನೊಂದು ಪ್ರಶ್ನೆಯೂ ಉಳಿದಿದೆ. ಕಾರ್ಡೇ ನಿಜವಾಗಿದ್ದರೆ? ದಿನಾ ಬೆಳಿಗ್ಗೆ ನನ್ನ ಬಸ್ಸು ಹೊರಡುವವರೆಗೆ ಸೈಕಲ್ಲು ಹಿಡಿದು ನಿಲ್ಲುತ್ತಿದ್ದವರು ಅಪ್ಪನಲ್ಲದೆ ಬೇರೆಯವರಾಗುತ್ತಿರಲಿಲ್ಲ. ಆದರೂ ಸ್ಲೈಡು ನೋಡಿದಾಗ ಎದೆಯ ಭಾರ ಇಳಿದದ್ದು ಸುಳ್ಳಲ್ಲ.

ಸಂಜೆ ಮನೆಗೆ ಬಂದ ಮೇಲೆ ಅಪ್ಪ ಕಾರ್ಡನ್ನು ಕವರಿನಿಂದ ತೆಗೆದು ಮೇಜಿನ ಮೇಲಿಟ್ಟರು. ಓ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಎ ಎಂದು ಬರೆದು, ಕೆಳಗೆ ಸಹಿ ಹಾಕಿದರು. ನಾನು ನನ್ನ ರೆಕಾರ್ಡ್ ಪುಸ್ತಕ ತಂದು ಅವರ ಪಕ್ಕ ಕುಳಿತೆ.

"ಅಪ್ಪ, ಒಂದು ಕಡೆ ನೋಡದೆ ಬರೆದಿದ್ದೀನಿ."

"ಗೇಜ್ ನೋಡ್ದೆ ರೀಡಿಂಗ್ ಬರ್ದಂಗಾ?"

"ಹೂಂ."

"ಸರ್ಯಾಗ್ ಬಂತಾ?"

"ಬಂತು."

"ತಗುಲ್ಕಂಡಿದ್ದು, ಅಂಗಾದ್ರೆ." ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳವನ್ನು ತಿರುಗಿಸುತ್ತಿದ್ದರು. "ಯಾಕವ್ವ ನೋಡ್ನಿಲ್ಲ?"

"ಹೆದರಿಕೆ ಆಯ್ತು."

ಅಪ್ಪ ನಕ್ಷೆಯ ಮೇಲೆ ಒಂದು ಸಲ ಕಣ್ಣಾಡಿಸಿದರು. ಅವರಿಗೆ ಅದು ಅರ್ಥವಾಯಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. "ನೋಡಿದ್ ದಿನ ಯಾವ್ದು ಅಂತ ಪಕ್ಕದಲ್ಲಿ ಬರ್ದುಬಿಡು" ಎಂದು ಪೆನ್ನು ಕೊಟ್ಟರು. ಬರೆದೆ. ಸಹಿಯನ್ನೂ ಹಾಕಿದೆ. ಅಡುಗೆಮನೆಗೆ ಹೋಗಿ ಅವ್ವನ ಮುಂದೆ ಕುಳಿತು, ತಲೆಗೆ ಎಣ್ಣೆ ಹಾಕು ಎಂದೆ. "ಇವತ್ತೇನ್ ಬೇಸ್ತವಾರ, ಎಣ್ಣೆ ಕೇಳ್ತೀಯ?" ಎಂದರೂ ಹಾಕಿದರು.

ಈಗ ನಾನು ಹೊಳೆನರಸೀಪುರದಲ್ಲಿ ಅದೇ ಪಾಠ ಮಾಡುತ್ತೇನೆ. ಹುಡುಗಿಯರು ತಮ್ಮ ತಮ್ಮ ಬೆರಳು ಚುಚ್ಚಿಕೊಳ್ಳುತ್ತಾರೆ. ವಂಶದ ನಕ್ಷೆಗೆ ಮಾತ್ರ ನಾನೇ ಕಲ್ಪಿಸಿದ ಕುಟುಂಬಗಳನ್ನು ಹಲಗೆಯ ಮೇಲೆ ಬರೆದುಕೊಡುತ್ತೇನೆ. ಮನೆಯಲ್ಲಿ ಕೇಳಿಕೊಂಡು ಬನ್ನಿ ಎನ್ನುವುದಿಲ್ಲ.

ಆ ವರ್ಷ ಅತ್ತೆಯನ್ನು ಆಸ್ಪತ್ರೆಯಿಂದ ಕಳಿಸಿ ಒಂದು ವಾರವಾದ ಮೇಲೆ ಚನ್ನರಾಯಪಟ್ಟಣಕ್ಕೆ ನೋಡಲು ಹೋಗಿದ್ದೆವು. ಗೋಡೆಗೆ ದಿಂಬು ಒರಗಿಸಿಕೊಂಡು ಕುಳಿತಿದ್ದರು. ಮುಖ ಕಳೆಗುಂದಿತ್ತು, ನಾಲಿಗೆ ಹಾಗೇ ಇತ್ತು. ನಾನು ಬಿಸಿನೀರಿನ ಲೋಟ ಕೊಡುತ್ತಿದ್ದಂತೆ ಅವ್ವನ ಕಡೆ ತಿರುಗಿ, "ನೋಡೇ, ಕೊಟ್ಟ ತೌಡಿಗೇನ್ ಮೋಸ ಇಲ್ಲ, ಎಂಗ್ ನೋಡ್ಕತಾಳೆ" ಎಂದರು.

ಹಿಂದೆಲ್ಲ ನಾನು ಈ ಮಾತಿಗೆ ಸುಮ್ಮನಿರುತ್ತಿದ್ದೆ. ಈ ಸಲ, "ಎರಡು ಸೇರು ಜಾಸ್ತಿಯಾಯ್ತು ಅತ್ತೆ, ಒಂದೂವರೆ ಸಾಕಾಗಿತ್ತು" ಎಂದೆ.

ಅತ್ತೆ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಹೊಟ್ಟೆಯ ಹೊಲಿಗೆ ಅದುಮಿಕೊಂಡು ನಗತೊಡಗಿದರು. "ಅಯ್ಯೋ, ನಗಿಸ್ಬ್ಯಾಡ ಕಣೇ ಮೂದೇವಿ, ಒಲಿಗೆ ಕಿತ್ಕತದೆ!"