ಹೆಸರಿಲ್ಲದವನ ಮೇಲೆ ಒಂದು ದೂರು

ಆಗ ನಾನು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಶೀಳನೆರೆಗೆ ಹತ್ತಿರದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಪೇಟೆಯಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದ ಗೆಳೆಯನೊಬ್ಬ ನನಗಿದ್ದ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಸಂಜೆ ಬಸ್ಸಿಗೆ ಮುಂಚೆ ಅವನ ಅಂಗಡಿಯ ಮೂಟೆಗಳ ಮೇಲೆ ಕೂತು ಊರಿನ ಸಂಗತಿ ಮಾತಾಡುವುದು ನಮ್ಮ ರೂಢಿ.

ಒಂದು ಬೇಸಗೆಯಲ್ಲಿ ನಮ್ಮ ಶಾಲೆಯ ಪಕ್ಕದ ನಾಲೆಗೆ ಹೊಸದಾಗಿ ಕಾಂಕ್ರೀಟು ಹಾಕಿದರು. ಹಾಕಿ ತಿಂಗಳಾಗಿರಲಿಲ್ಲ, ತೆಂಗಿನ ಗರಿಯ ಕಡ್ಡಿಯಲ್ಲಿ ಕೆದಕಿದರೆ ಹಿಟ್ಟಿನ ಹಾಗೆ ಉದುರುತ್ತಿತ್ತು. ನಾನು ಅದನ್ನು ಮೊಬೈಲಿನಲ್ಲಿ ಹಿಡಿದೆ. ಮುಖ ತೋರಿಸಲಿಲ್ಲ, ದನಿಯನ್ನೂ ಹಾಕಲಿಲ್ಲ. ಸರ್ಕಾರಿ ಸಂಬಳ ತಿನ್ನುವವನು ಬಾಯಿ ಬಿಡುವ ಹಾಗಿಲ್ಲ. ಗೆಳೆಯನಿಗೆ ಅಂಗಡಿಯ ಲೈಸೆನ್ಸಿನ ಚಿಂತೆ. ಇಬ್ಬರೂ ಸೇರಿ ಫೇಸ್‌ಬುಕ್ಕಿನಲ್ಲಿ ನಮ್ಮ ಹೆಸರಿಲ್ಲದ ಒಂದು ಪೇಜು ತೆರೆದು ವೀಡಿಯೋ ಹಾಕಿದೆವು.

ಎರಡು ದಿನದಲ್ಲಿ ಅದು ತಾಲ್ಲೂಕೆಲ್ಲ ಓಡಾಡಿತು. ಗುತ್ತಿಗೆದಾರನ ಕಡೆಯವರು ಮೂವರು ಬೈಕಿನಲ್ಲಿ ಬಂದು ಗೆಳೆಯನ ಅಂಗಡಿಯ ಮುಂದೆಯೇ ನಿಂತು ವಿಚಾರಿಸಿದರು.

"ಯಾವನ್ಲಾ ಅವನು, ಪೇಜ್ ಮಾಡಿರೋನು? ಗೊತ್ತಾದ್ರೆ ಯೋಳು. ಕೈ ಮುರ್ದು ಅದೇ ನಾಲೇಲಿ ಮಲಗುಸ್ತೀವಿ."

ಗೆಳೆಯ ಯೂರಿಯಾ ಮೂಟೆ ಎಣಿಸುತ್ತಾ, "ನಂಗೇನ್ ಗೊತ್ತಣ್ಣ, ಈಗಿನ ಹುಡುಗ್ರು ಏನೇನ್ ಮಾಡ್ತಾವ್ರೋ" ಎಂದನಂತೆ. ಕೊನೆಗೆ ಕಾಂಕ್ರೀಟು ಕಿತ್ತು ಮತ್ತೆ ಹಾಕಿದರು. ಆ ವರ್ಷ ನಾಲೆಯ ಕೊನೆಯ ಗದ್ದೆಗಳಿಗೂ ನೀರು ಹೋಯಿತು. ಹೆಸರು ಹಾಕಿದ್ದರೆ ನನ್ನ ಕೈ ಮುರಿದಿರುತ್ತಿತ್ತು, ನಾಲೆ ಮಾತ್ರ ಹಾಗೆಯೇ ಇರುತ್ತಿತ್ತು. ಇದನ್ನು ನಾನು ಈಗಲೂ ನಂಬುತ್ತೇನೆ.

ಅಲ್ಲಿಂದ ಜನ ಪೇಜಿಗೆ ಫೋಟೋ, ದೂರು ಕಳಿಸತೊಡಗಿದರು. ಕೆಟ್ಟ ಬೋರ್‌ವೆಲ್ಲು, ಬಾಗಿಲು ಮುಚ್ಚಿದ ಆಸ್ಪತ್ರೆ, ಬಾರದ ಬಸ್ಸು. ಮೊದಮೊದಲು ನಾನೇ ಹೋಗಿ ನೋಡಿ ಬಂದು ಹಾಕುತ್ತಿದ್ದೆ. ಆಮೇಲೆ ಫೋನಿನಲ್ಲಿ ಕೇಳಿ ಹಾಕುತ್ತಿದ್ದೆ. ಆಮೇಲಾಮೇಲೆ ಕೇಳುವುದೂ ನಿಂತಿತು. ಟೀ ಅಂಗಡಿಯಲ್ಲಿ ಕೂತಿದ್ದಾಗ ಪಕ್ಕದವರು ಪೇಜಿನ ಮಾತೆತ್ತಿ, "ಯಾರೋ ಗಂಡ್ಸು ಕಣ್ಲಾ ಅವನು" ಅಂದರೆ ನಾನು ಟೀ ಲೋಟದೊಳಗೆ ನಗುತ್ತಿದ್ದೆ. ಇಪ್ಪತ್ತು ವರ್ಷ ಪಾಠ ಮಾಡಿದರೂ ಯಾರೂ ಹಾಗೆ ಹೊಗಳಿರಲಿಲ್ಲ.

ಗುಲಾಬಿ ಹೂವಿನ ಚಿತ್ರವಿದ್ದ ಒಂದು ಖಾತೆಯಿಂದ ಆ ಫೋಟೋ ಬಂದದ್ದು ಒಂದು ಬುಧವಾರ. ಟಿ.ವಿ.ಎಸ್. ಮೊಪೆಡ್ಡಿನ ಹಿಂದೆ ಒಬ್ಬ ಹೆಂಗಸು ಕೂತಿದ್ದಾಳೆ. ತೊಡೆಯ ಮೇಲೆ ಒಂದು ಟ್ರೇ ಮೊಟ್ಟೆ, ಪಕ್ಕಕ್ಕೆ ನೇತಾಡುವ ಚೀಲ. ಮುಂದೆ ಗಾಡಿ ಓಡಿಸುತ್ತಿರುವ ಗಂಡಸು. ಜೊತೆಗೊಂದು ಸಾಲು: ಅಂಗನವಾಡಿ ಮಕ್ಕಳ ಮೊಟ್ಟೆ ಎಲ್ಲಿಗೆ ಹೋಗುತ್ತಿದೆ ನೋಡಿ. ಊರಿನ ಹೆಸರು, ಆಕೆಯ ಹೆಸರು ಎರಡೂ ಇದ್ದವು.

ಆಕೆಯನ್ನು ನಾನು ಬಲ್ಲೆ. ಪಕ್ಕದ ಊರಿನ ಅಂಗನವಾಡಿ ಕಾರ್ಯಕರ್ತೆ. ಗಂಡ ತೀರಿಕೊಂಡು ಆರೇಳು ವರ್ಷವಾಗಿತ್ತು. ಆಕೆಯ ಒಬ್ಬಳೇ ಮಗಳು ನನ್ನ ಒಂಬತ್ತನೇ ತರಗತಿಯಲ್ಲಿದ್ದಳು. ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಫೋನು ಮಾಡಿದರೆ ಪೇಜು ಯಾರದೆಂದು ಗೊತ್ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಊಟದ ಬಿಡುವಿನಲ್ಲಿ, ಶಿಕ್ಷಕರ ಕೊಠಡಿಯಲ್ಲಿ, ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಅದನ್ನು ಹಾಕಿಬಿಟ್ಟೆ. "ಮಕ್ಕಳ ಬಾಯಿಗೆ ಮಣ್ಣು" ಎಂದು ತಲೆಬರಹ ಕೊಟ್ಟೆ. ಅದು ಚೆನ್ನಾಗಿದೆ ಎಂದೂ ಅನ್ನಿಸಿತು.

ಕೊನೆಯ ಪೀರಿಯಡ್ಡಿನ ಹೊತ್ತಿಗೆ ಮುನ್ನೂರು ಕಾಮೆಂಟು ಬಂದಿದ್ದವು. ಮೊದಲ ಹತ್ತಿಪ್ಪತ್ತು ಮೊಟ್ಟೆಯ ಬಗ್ಗೆ. ಆಮೇಲೆ ಮೊಟ್ಟೆಯನ್ನು ಎಲ್ಲರೂ ಮರೆತರು. ಗಾಡಿ ಓಡಿಸುತ್ತಿದ್ದವನು ಯಾರು, ಗಂಡ ಸತ್ತವಳು ಯಾರ ಹಿಂದೆ ಕೂತಿದ್ದಾಳೆ, ಸೀರೆ ಎಂಥದು, ಕೈ ಎಲ್ಲಿದೆ. ಅಲ್ಲಿ ಬರೆದದ್ದನ್ನು ನಾನು ಇಲ್ಲಿ ಬರೆಯಲಾರೆ. ಎಲ್ಲರೂ ಹೂವು, ದೇವರ ಚಿತ್ರಗಳ ಹಿಂದೆ ಅವಿತವರಾಗಿರಲಿಲ್ಲ. ಎಲ್ಲಕ್ಕಿಂತ ಹೊಲಸಾಗಿ ಬರೆದವನೊಬ್ಬ ತನ್ನ ನಿಜವಾದ ಹೆಸರಿನಲ್ಲಿ, ಮೊಮ್ಮಗಳನ್ನು ಎತ್ತಿಕೊಂಡ ಫೋಟೋದ ಜೊತೆಗೇ ಬರೆದಿದ್ದ. ಬೆಳಿಗ್ಗೆ ಆಕೆ ಹಾಲು ಹಾಕುವ ಡೈರಿಯಲ್ಲೇ ಅವನೂ ಹಾಲು ಹಾಕುತ್ತಿದ್ದ.

ಅಳಿಸುವ ಅಧಿಕಾರ ನನ್ನ ಕೈಯಲ್ಲಿತ್ತು. ನಾಲ್ಕೈದು ಅಳಿಸಿದೆ ಕೂಡ. ಆಮೇಲೆ ಬಸ್ಸು ಬಂತು, ಹತ್ತಿದೆ.

ಮರುದಿನ ತರಗತಿಯಲ್ಲಿ ಆ ಹುಡುಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಪದ್ಯ ಓದು ಎಂದೆ. ಎದ್ದು ನಿಂತಳು. ಎಲ್ಲಿಂದಲೋ ಒಬ್ಬ, "ಮೊಟ್ಟೆ" ಎಂದ. ತರಗತಿಯೆಲ್ಲ ಕಿಸಕ್ಕೆಂದಿತು. ನಾನು ಮೇಜಿಗೆ ಡಸ್ಟರು ಬಡಿದು, "ಯಾವನೋ ಅವನು?" ಎಂದು ಗದರಿದೆ. ಯಾರೂ ಬಾಯಿ ಬಿಡಲಿಲ್ಲ. ಹುಡುಗಿ ಪದ್ಯವನ್ನು ಪೂರ್ತಿ ಓದಿಯೇ ಕೂತಳು. ಅದರ ಮರುದಿನದಿಂದ ಶಾಲೆಗೆ ಬರಲಿಲ್ಲ.

ಸೋಮವಾರ ಅವಳ ತಾಯಿಯೇ ಬಂದರು. ಶಿಕ್ಷಕರ ಕೊಠಡಿಯಲ್ಲಿ ನಾನೊಬ್ಬನೇ ಇದ್ದೆ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಕೂತುಕೊಳ್ಳಿ ಅಂದರೂ ಕೂರಲಿಲ್ಲ. ಮಗಳ ವಿಷಯ ಕೇಳಲು ಬಂದಿದ್ದಾರೆ ಅಂದುಕೊಂಡೆ.

"ಸಾ, ನನ್ನ ಬಗ್ಗೆ ಆಕವ್ರಲ್ಲ, ನೋಡುದ್ರಾ?"

"ನೋಡಿದೆ ಕಣಮ್ಮ" ಎಂದೆ.

"ಅದು ಬಾಣಂತಿ ಪಾಲಿಂದು ಸಾ, ಅವ್ಳಿಗೇ ತಗೊಂಡೋಗಿದ್ದು. ಆಪರೇಸನ್ ಆಗೈತೆ, ಅವ್ಳಿಗೆ ನಡಿಯಕ್ಕಾಗಲ್ಲ. ಹಟ್ಟಿಯಿಂದ ಅವಳ ಭಾವ ಗಾಡಿ ತಂದಿದ್ದ. ಮೊಟ್ಟೆ ವಡೆದೋಯ್ತವೆ ಅಂತ ನಾನೇ ಇಡ್ಕೊಂಡು ಕೂತ್ಕಂಡೆ. ತಿಂಗಳಿಂದ ಅಂಗೇ ಕೊಟ್ಟು ಬತ್ತಾ ಇದ್ದೆ."

ಅವರು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಇದ್ರಲ್ಲಿ ಅವೆ, ನೀವೇ ಓದ್ಕಳಿ. ನನ್ ಬಾಯಲ್ಲಿ ಯೋಳಕ್ಕಾಗಲ್ಲ. ಪೋಲೀಸ್ನೋರಿಗೆ ಒಂದರ್ಜಿ ಬರ್ಕೊಡಿ ಸಾ. ನಿಮ್ಮಂಗೆ ಬರಿಯೋರು ನಂಗೆ ಯಾರೂ ಗೊತ್ತಿಲ್ಲ. ನನ್ ಮಗಳೇ ಯೋಳುದ್ಲು, ನಮ್ ಮೇಷ್ಟ್ರ ಅತ್ರ ಓಗವ್ವ ಅಂತ."

ಬರೆದೆ. ಬಿಳಿ ಹಾಳೆ ತೆಗೆದು, ಮಾರ್ಜಿನ್ನು ಬಿಟ್ಟು, "ಇವರಿಂದ", "ಇವರಿಗೆ", "ಮಾನ್ಯರೇ" ಎಂದು ಮಕ್ಕಳಿಗೆ ಕಲಿಸುವ ಕ್ರಮದಲ್ಲೇ ಬರೆದೆ. ಆರೋಪಿಯ ಹೆಸರು, ವಿಳಾಸ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು.

"ಎಸ್ರಿಲ್ಲದೋನಿಗೆ ಅಲ್ಲಿ ಏನಂತ ಬರೀತೀರಾ ಸಾ?" ಎಂದು ಕೇಳಿದರು.

"ತಿಳಿದಿಲ್ಲ ಅಂತ ಬರೀಬಹುದು" ಎಂದೆ. ಹಾಗೆಯೇ ಬರೆದೆ. ಅವರು ನಿಧಾನವಾಗಿ ಸಹಿ ಮಾಡಿ, ಹಾಳೆ ಮಡಿಸದೆ, ಮಗಳ ಹಳೇ ಡ್ರಾಯಿಂಗ್ ಪುಸ್ತಕದೊಳಗೆ ಇಟ್ಟುಕೊಂಡರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ನಿಮ್ಮಿಂದ ಉಪಕಾರ ಆಯ್ತು" ಅಂದರು.

ಅಂದು ಸಂಜೆ ಗೆಳೆಯನಿಗೆ ಎಲ್ಲ ಹೇಳಿದೆ. ಅವನು ಅಂಗಡಿಯ ಶಟರನ್ನು ಅರ್ಧ ಎಳೆದ.

"ಡಿಲೀಟ್ ಮಾಡ್ಬುಡು ಕಣ್ಲಾ. ಪೇಜೇ ಇಲ್ಲ ಅಂದ್ರೆ ಅವಳಿಗೂ ನೆಮ್ಮದಿ, ನಮಗೂ ನೆಮ್ಮದಿ."

"ತಪ್ಪಾಯ್ತು ಅಂತ ಒಂದು ಹಾಕಿ ಆಮೇಲೆ ತೆಗೆಯೋಣ" ಎಂದೆ.

"ತಪ್ಪಾಯ್ತು ಅಂದ್ರೆ ಒಪ್ಕಂಡಂಗೆ. ನಿಂಗೆ ಕೆಲಸ ಬೇಡ್ವಾ?"

ಅವನ ಮುಂದೆಯೇ ಪೇಜನ್ನು ಅಳಿಸಿದೆ. ಆಕೆಗೆ ಒಳ್ಳೆಯದನ್ನೇ ಮಾಡಿದೆ ಎಂದು ಆ ಹೊತ್ತಿಗೆ ನಿಜವಾಗಿ ಅನ್ನಿಸಿತು.

ಪೇಟೆಯ ಠಾಣೆಯವರು ಅರ್ಜಿ ಓದಿ, ಇದು ಮಂಡ್ಯದ ಸೈಬರ್ ಠಾಣೆಗೆ ಹೋಗಬೇಕೆಂದು ಕಳಿಸಿದರು. ಆಕೆ ಒಂದು ದಿನ ಅಂಗನವಾಡಿ ಕೇಂದ್ರಕ್ಕೆ ಬೀಗ ಹಾಕಿ ಮಂಡ್ಯಕ್ಕೆ ಹೋದರು. ಅಲ್ಲಿ ಕಂಪ್ಯೂಟರಿನಲ್ಲಿ ಹುಡುಕಿದವರು, "ಇಲ್ಲೇನೂ ಇಲ್ವಲ್ಲಮ್ಮ. ಕಂಪನಿಗೆ ಬರೀತೀವಿ, ಉತ್ತರ ಬಂದಾಗ ಕರೀತೀವಿ" ಎಂದರಂತೆ. ಪೇಜು ಹೋಗಿತ್ತೇ ಹೊರತು ಫೋಟೋ ಹೋಗಿರಲಿಲ್ಲ. ಅದು ಅಷ್ಟು ಹೊತ್ತಿಗೆ ಪ್ರತಿ ಊರಿನ ವಾಟ್ಸಾಪ್ ಗುಂಪಿನಲ್ಲೂ ಇತ್ತು.

ಇಲಾಖೆಯವರು ಬಂದು ದಾಸ್ತಾನು ನೋಡಿದರು. ಎಲ್ಲ ಸರಿಯಾಗಿತ್ತು. ಬಾಣಂತಿ ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತು, "ಈ ಅವ್ವ ತಂದುಕೊಡ್ದೆ ಇದ್ದಿದ್ರೆ ನಂಗೆ ಯಾರು ಕೊಡ್ತಿದ್ರು?" ಎಂದು ಸಾಕ್ಷಿ ಹೇಳಿದಳು. ಇಲಾಖೆಯವರು ತಪ್ಪಿಲ್ಲ ಎಂದು ಬಾಯಲ್ಲಿ ಹೇಳಿ ಹೋದರು. ಕಳ್ಳಿ ಎಂದದ್ದನ್ನು ತಾಲ್ಲೂಕೆಲ್ಲ ಓದಿತ್ತು. ಅಲ್ಲ ಎಂಬುದನ್ನು ಬರೆಯಲು ಈಗ ಆ ಜಾಗವೇ ಇರಲಿಲ್ಲ. ಅದನ್ನು ಅಳಿಸಿದವನು ನಾನು.

ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಕಳಿಸುವುದು ಬಿಟ್ಟರು. ಎರಡು ತಿಂಗಳಲ್ಲಿ ಆಕೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಶ್ರೀರಂಗಪಟ್ಟಣದ ಆಚೆ ಅರಕೆರೆಯಲ್ಲಿದ್ದ ಅಣ್ಣನ ಮನೆಗೆ ಹೋದರು. ಮಗಳ ವರ್ಗಾವಣೆ ಪತ್ರಕ್ಕೆ ತರಗತಿ ಶಿಕ್ಷಕನಾಗಿ ನಾನೇ ಸಹಿ ಹಾಕಿದೆ. ನಡತೆ ಎಂಬ ಕಡೆ "ಉತ್ತಮ" ಎಂದು ಬರೆದೆ.

ನನ್ನ ಹೆಂಡತಿಗೆ ಹೇಳಿದ್ದು ಆಮೇಲೆ. ಅವಳು ಬಟ್ಟೆ ಮಡಿಸುತ್ತಿದ್ದವಳು ನಿಲ್ಲಿಸಲಿಲ್ಲ. "ಅರ್ಜೀನೂ ನೀವೇ ಬರುದ್ರಾ?" ಎಂದು ಮಾತ್ರ ಕೇಳಿದಳು. ಹೂಂ ಎಂದೆ. ಎಷ್ಟೋ ದಿನ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು.

ಒಂದು ಭಾನುವಾರ ಅರಕೆರೆಗೆ ಹೊರಟೆ. ಪಾಂಡವಪುರದಲ್ಲಿ ಇಳಿದು ವಾಪಸ್ಸು ಹೋಗಿಬಿಡೋಣ ಎಂದು ಅರ್ಧ ಗಂಟೆ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಆಮೇಲೆ ಶ್ರೀರಂಗಪಟ್ಟಣದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆ. ಅವರ ಅಣ್ಣ ಕಬ್ಬಿಗೆ ನೀರು ಕಟ್ಟಲು ಹೋಗಿದ್ದ. ಮಗಳು ಯಾರದೋ ಮನೆಗೆ ಓದಲು ಹೋಗಿದ್ದಳು. ಆಕೆ ಈಗ ಗಾರ್ಮೆಂಟ್ಸಿಗೆ ವ್ಯಾನಿನಲ್ಲಿ ಹೋಗಿಬರುತ್ತಿದ್ದರು. ಅಂದು ರಜ. ಜಗಲಿಯ ಮೇಲೆ ಚಾಪೆ ಹಾಸಿ ಕಾಫಿ ತಂದಿಟ್ಟರು.

"ಮೇಷ್ಟ್ರು ಅಷ್ಟು ದೂರದಿಂದ ಬಂದವ್ರೆ" ಎಂದು ಸಂತೋಷಪಟ್ಟರು.

ಕಾಫಿ ಮುಟ್ಟದೆ ಹೇಳಿದೆ. ಪೇಜು ನನ್ನದು, ಫೋಟೋ ಹಾಕಿದ್ದು ನಾನು, ತಲೆಬರಹ ಬರೆದದ್ದು ನಾನು, ಅಳಿಸಿದ್ದೂ ನಾನು. ಅವರು ಮೊದಲು ನನಗೆ ಮೈ ಹುಷಾರಿಲ್ಲವೇನೋ ಎಂಬಂತೆ ನೋಡಿದರು.

"ಅರ್ಜಿ ಬರಿಯೋವಾಗ್ಲೂ ನೀವೇನಾ?"

"ಹೌದು."

"ಅಂಗಾರೆ ತಿಳಿದಿಲ್ಲ ಅಂತ ಬರುದ್ರಲ್ಲ."

ಅವರು ನಾನು ಮುಟ್ಟದ ಕಾಫಿ ಲೋಟ ತೆಗೆದುಕೊಂಡು, "ನನ್ ಮಗಳಿಗೆ ಯೋಳ್ಬೇಡಿ. ಅವ್ಳಿಗೆ ನೀವಂದ್ರೆ ಬಾಳ ಇಷ್ಟ" ಎಂದು ಎದ್ದು ಒಳಗೆ ಹೋದರು. ನಾನು ಚಪ್ಪಲಿ ಮೆಟ್ಟಿ ಬೀದಿಗೆ ಬಂದೆ. ನಾಲ್ಕು ಮನೆ ದಾಟಿದ್ದೆ, ಹಿಂದಿನಿಂದ ಕೂಗಿದರು. ಬರಿಗಾಲಲ್ಲಿ ಬಂದಿದ್ದರು.

"ಇಲ್ಲ, ಬರೀರಿ. ನನ್ನತ್ರ ಯೋಳುದ್ರೆ ಏನ್ ಬಂತು? ಎಲ್ ಆಕುದ್ರೋ ಅಲ್ಲೇ ನಿಮ್ ಎಸ್ರು ಆಕಿ ಬರೀರಿ, ಪೋಲೀಸ್ನೋರ್ಗೂ ಯೋಳಿ. ನನ್ ಮಗಳಿಗೂ ಗೊತ್ತಾಗ್ಲಿ. ಯಾರು ಅಂತ ಗೊತ್ತಿಲ್ದೆ ಅವ್ಳು ಎಲ್ರ ಮೇಲೂ ಅನ್ಮಾನ ಪಡ್ತಾವ್ಳೆ. ಆಲ್ನೋನು, ಕಂಡಕ್ಟ್ರು, ಸೋದರಮಾವ, ಯಾರ್ ಪೋನ್ ಇಡ್ಕೊಂಡ್ರೂ ಎದ್ದು ಒಳಿಕ್ ಓಯ್ತಾಳೆ. ನಾನೂ ಅಂಗೇ ಆಗೋಗಿವ್ನಿ. ಒಬ್ಬ ಅಂತ ಗೊತ್ತಾದ್ರೆ ಮಿಕ್ಕೋರ್ನಾದ್ರೂ ನಂಬ್ಬೋದು."

ಇದನ್ನು ಕೇಳಿದ ಮೇಲೂ ನಾನು ಮೂರು ವಾರ ಸುಮ್ಮನಿದ್ದೆ. ಸಂಬಳ, ನಿವೃತ್ತಿ, ನೆಂಟರು, ಗುತ್ತಿಗೆದಾರ, ಎಲ್ಲವನ್ನೂ ಯೋಚಿಸಿದೆ. ಅದನ್ನು ಮುಚ್ಚಿಟ್ಟು ಇಲ್ಲಿ ನಾನು ದೊಡ್ಡವನಾಗಬಾರದು. ಕೊನೆಗೆ ನನ್ನ ಹೆಸರು, ನನ್ನ ಫೋಟೋ ಇರುವ ಫೇಸ್‌ಬುಕ್ ಖಾತೆಯಲ್ಲಿ ನಡೆದದ್ದನ್ನೆಲ್ಲ ಬರೆದು ಹಾಕಿದೆ. ಆಕೆಯ ಹೆಸರು ಬರೆಯಲಿಲ್ಲ, ಗೆಳೆಯನದೂ ಬರೆಯಲಿಲ್ಲ. ಮಂಡ್ಯಕ್ಕೆ ಹೋಗಿ ಹೇಳಿಕೆ ಕೊಟ್ಟೆ. ಮೊದಲಿನ ಸುಳ್ಳು ಸಾವಿರಾರು ಜನಕ್ಕೆ ಮುಟ್ಟಿತ್ತು. ಈ ನಿಜವನ್ನು ಓದಿದವರು ನಲವತ್ತು ಜನವೂ ಇರಲಿಲ್ಲ. ಮೊಮ್ಮಗಳ ಫೋಟೋದವನು ಅದರಡಿಯಲ್ಲಿ, "ಇಂಥ ನೀಚರನ್ನು ಊರಿಂದ ಓಡಿಸಬೇಕು" ಎಂದು ಬರೆದಿದ್ದ.

ಗೆಳೆಯ ಅಂದಿನಿಂದ ಮಾತು ಬಿಟ್ಟ. ಇಲಾಖೆ ನನ್ನನ್ನು ಅಮಾನತಿನಲ್ಲಿಟ್ಟು, ಆಮೇಲೆ ನಾಗಮಂಗಲ ತಾಲ್ಲೂಕಿನ ಒಂದು ಶಾಲೆಗೆ ಹಾಕಿತು. ಗುತ್ತಿಗೆದಾರನ ಕಡೆಯವರು ಒಮ್ಮೆ ದಾರಿಯಲ್ಲಿ ಬೈಕು ಅಡ್ಡ ಹಾಕಿ ಅಂಗಿ ಹಿಡಿದರು, ಬಿಟ್ಟರು. ಈಗ ಆ ಕಡೆ ನಾಲೆ ಒಡೆದರೂ ಯಾರೂ ಯಾರಿಗೂ ಫೋಟೋ ಕಳಿಸುವುದಿಲ್ಲವಂತೆ. ಗುಲಾಬಿ ಹೂವಿನ ಖಾತೆ ಯಾರದೆಂದು ಪೊಲೀಸರಿಗೆ ಇನ್ನೂ ಸಿಕ್ಕಿಲ್ಲ.

ಕಳೆದ ಸಲ ಮಂಡ್ಯದ ಠಾಣೆಗೆ ಕರೆದಿದ್ದಾಗ ತಾಯಿ ಮಗಳು ಇಬ್ಬರೂ ಬಂದಿದ್ದರು. ಹುಡುಗಿ ಎತ್ತರವಾಗಿದ್ದಾಳೆ. ವರಾಂಡದ ಬೆಂಚಿನ ಮೇಲೆ ಕೂತಿದ್ದವಳು ನಾನು ಮೆಟ್ಟಿಲು ಹತ್ತುತ್ತಿದ್ದುದನ್ನು ಕಂಡು ರೂಢಿಯಂತೆ ಥಟ್ಟನೆ ಎದ್ದು ನಿಂತು, "ನಮಸ್ತೆ ಸಾರ್" ಎಂದುಬಿಟ್ಟಳು. ಎಂದ ಮೇಲೆ ಅವಳ ಮುಖ ಕಪ್ಪಿಟ್ಟಿತು. ಕೂರಬೇಕೋ ನಿಲ್ಲಬೇಕೋ ತಿಳಿಯದೆ ತಾಯಿಯ ಕಡೆ ನೋಡಿದಳು. ತಾಯಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಒಳಗಿನಿಂದ ನನ್ನ ಹೆಸರು ಕೂಗಿದರು, ಹೋದೆ.