ತೇಗದ ಬಾಗಿಲು ಒಡೆದ ದಿನ

ರೈಲ್ವೆಯಲ್ಲಿ ಬೋಗಿಗಳ ತಪಾಸಣೆ ನೋಡುವ ಸೆಕ್ಷನ್ ಎಂಜಿನಿಯರ್ ಆಗಿದ್ದ ನಾನು ನಿವೃತ್ತನಾದ ಮರುವರ್ಷದ ಮಾತು. ನಮ್ಮೂರು ಉಗಾರ ಖುರ್ದದ ಹೊರಗೆ, ಬಳಕೆ ತಪ್ಪಿ ಹಾಳುಬಿದ್ದ ಪಕ್ಕದ ಹಳಿಯ ಮೇಲೆ ಮೀಟರ್ ಗೇಜ್ ಕಾಲದ ತೇಗದ ಬೋಗಿಯೊಂದು ನಿಂತಿತ್ತು. ಗುಜರಿಗೆ ಹೋಗುವ ಮೊದಲು ಅದನ್ನು ದುರಸ್ತಿ ಮಾಡಿ ವಾಚನಾಲಯ ಮಾಡೋಣವೆಂದು ಊರವರು ಸಮಿತಿ ಕಟ್ಟಿ, ದೇಣಿಗೆ ಎತ್ತುವ ಕೆಲಸವನ್ನು ನನಗೆ ವಹಿಸಿದರು.

ಅಥಣಿ, ರಾಯಬಾಗ, ನಿಪ್ಪಾಣಿ ಸುತ್ತಿದೆ. ಚಹಾ ಕೊಟ್ಟು ಕಳಿಸಿದವರೇ ಹೆಚ್ಚು. ಕಡೆಗೆ ಹಳೆಯ ರೈಲುಗಳ ಅಭಿಮಾನಿಗಳ ಕೂಟವೊಂದು ಅರ್ಧ ಖರ್ಚಿಗೆ ಒಪ್ಪಿತು. ಕೆತ್ತನೆ ಗಾಜಿನ ಮೂಲ ಬಾಗಿಲು ಹಾಗೇ ಉಳಿಯಬೇಕೆಂಬುದು ಅವರ ಷರತ್ತು. ಉಳಿದರ್ಧಕ್ಕೆ ಕಬ್ಬು ಸಾಗಣೆಯ ಗುತ್ತಿಗೆದಾರ ಅಪ್ಪಾಸಾಹೇಬರನ್ನು ಕೇಳಿದೆ.

"ಮೊದ್ಲ ಆ ರೈಲ್ ಡಬ್ಬಿ ತೋರಸ್ರಿ. ರೊಕ್ಕದ ಮಾತು ಆಮ್ಯಾಲೆ" ಎಂದರು.

ಮೇ ತಿಂಗಳ ಮಧ್ಯಾಹ್ನ ಇಬ್ಬರೂ ಬೋಗಿಯೊಳಗೆ ಹೋದೆವು. ಗಾಳಿ ಬೀಸಿ ಆ ಕೆತ್ತನೆ ಗಾಜಿನ ಬಾಗಿಲು ಧಡಾರನೆ ಹಾಕಿಕೊಂಡಿತು. ಹಿಂದಿನ ದಿನದ ಮಳೆಗೆ ಉಬ್ಬಿದ್ದ ಮರ ಚೌಕಟ್ಟನ್ನು ಕಚ್ಚಿ ಹಿಡಿಯಿತು. ಎಳೆದರೆ ಹಿತ್ತಾಳೆಯ ಹಿಡಿಕೆಯೇ ಕೈಗೆ ಬಂತು. ಕಿಟಕಿಗಳಿಗೆ ಸರಳು. ಆಡು ನುಗ್ಗದಿರಲೆಂದು ಆಚೆ ಬಾಗಿಲಿಗೆ ಸಮಿತಿಯವರೇ ಕಬ್ಬಿಣದ ದಪ್ಪ ತಗಡು ಬಿಗಿಸಿದ್ದರು. ಬಡಗಿಗೆ ಫೋನ್ ಮಾಡಿದೆ, ಕಾಗವಾಡದಲ್ಲಿದ್ದ ಆತ ಹೊರಟೆ, ಆದರೆ ಬರಲು ಹೊತ್ತಾಗುತ್ತದೆ ಎಂದ.

ತಗಡಿನ ಚಾವಣಿ ಕಾದು ಒಳಗೆ ಬೇಯುವಂತಾಯಿತು. ನಮ್ಮ ಕೂಗು ಕೇಳಿ ಆಡು ಮೇಯಿಸುತ್ತಿದ್ದ ಶಾಂತವ್ವ ಓಡಿಬಂದು ಸರಳಿನಾಚೆ ನಿಂತಳು. ಸೊಪ್ಪು ಕಡಿಯುವ ಕೊಡಲಿ ಅವಳ ಕೈಯಲ್ಲಿತ್ತು.

"ಕೊಡ್ಲಿ ಐತ್ರಿ ಸಾಹೇಬ್ರ. ಬಾಗ್ಲಕ್ಕ ಹಾಕ್ಲ್ಯಾ?"

"ತಡಿಯವ್ವಾ, ಬಡಿಗ್ಯಾ ಬರಾಕತ್ತಾನ" ಎಂದೆ.

ಆ ಬಾಗಿಲು ಹೋದರೆ ಅರ್ಧ ಹಣ ಹೋದಂತೆ. ಆದರೆ ಸೀಟಿನ ಮೇಲೆ ಕುಳಿತಿದ್ದ ಅಪ್ಪಾಸಾಹೇಬರ ತುಟಿ ಬಿಳಿಚಿತ್ತು. "ಉಸರ ಬರವಲ್ದರಿ" ಎನ್ನುತ್ತ ನನ್ನ ತೋಳು ಹಿಡಿದುಕೊಂಡೇ ವಾಲಿದರು.

"ಒಡಿಯವ್ವಾ!" ಎಂದು ಕೂಗಿದೆ.

ಮೊದಲ ಏಟಿಗೇ ಗಾಜು ಪುಡಿಯಾಯಿತು, ಮತ್ತೆ ನಾಲ್ಕೇಟಿಗೆ ಬಾಗಿಲು ಸೀಳಿ ಬಿತ್ತು. ನಾನೂ ಶಾಂತವ್ವನೂ ಸೇರಿ ಅಪ್ಪಾಸಾಹೇಬರನ್ನು ಹೊರಗೆಳೆದು, ಅವರದೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದೆವು. ಚೇತರಿಸಿಕೊಂಡ ಮೇಲೆ ಅವರು ಕೈಮುಗಿದು, "ನನ್ನ ಜೀವ ಉಳಿಸೀರಿ. ಖರೆ ಆ ಡಬ್ಬಿಗೆ ಮಾತ್ರ ನಾ ರೊಕ್ಕ ಕೊಡಂಗಿಲ್ರಿ" ಎಂದರು. ಕೂಟದವರೂ ಹಿಂದೆ ಸರಿದರು.

ಕೈಬಿಟ್ಟರೆ ಬೋಗಿ ಗುಜರಿಗೆ, ಮುಂದುವರಿಸೋಣವೆಂದರೆ ಹಣವಿಲ್ಲ. ಊರವರಿಂದ ಪಡೆದ ಸಣ್ಣ ದೇಣಿಗೆಗಳಿಗೂ ನಾನೇ ಲೆಕ್ಕ ಕೊಡಬೇಕಿತ್ತು. ಹೊರಗೆ ಬಂದಿದ್ದರೂ ಇನ್ನೂ ಒಳಗೇ ಸಿಕ್ಕಿಕೊಂಡಂತೆ ದಿನ ದೂಡಿದೆ.

ಆದರೆ ಶಾಂತವ್ವ ಐನಾಪುರದ ಸಂತೆಯಲ್ಲಿ ಕೊಡಲಿಯ ಕತೆಯನ್ನು ಉಪ್ಪುಖಾರ ಹಚ್ಚಿ ಹೇಳಿದ್ದಳು. "ಸಾವ್ಕಾರ ಸಿಕ್ಕೊಂಡಿದ್ದ ಡಬ್ಬಿ ಇದ ಏನ್ರಿ?" ಎಂದು ಜನ ನೋಡಲು ಬರತೊಡಗಿದರು. ಬಂದವರು ಹತ್ತೋ ಐವತ್ತೋ ಕೊಟ್ಟು ಹೋದರು. ನಿಧಾನಕ್ಕೆ, ಎರಡು ಮಳೆಗಾಲ ಕಳೆದು ಕೆಲಸ ಮುಗಿಯಿತು.

ಈಗ ಅಲ್ಲಿರುವುದು ಹೊರಕ್ಕೆ ತೆರೆಯುವ ಸಾದಾ ಬಾಗಿಲು. ಕಿಟಕಿಯೊಂದರ ಸರಳನ್ನೂ ತೆಗೆಸಿದ್ದೇನೆ. ಬೋಗಿಯ ಮೂಲರೂಪ ಕೆಡಿಸಿದಿರಿ ಎಂದು ಬಲ್ಲವರು ಆಕ್ಷೇಪಿಸುವುದುಂಟು. ಹೌದು, ಕೆಡಿಸಿದ್ದೇನೆ. ಇಡೀ ನೌಕರಿಯಲ್ಲಿ ನಾನು ಬೋಗಿಗಳನ್ನು ಪರೀಕ್ಷಿಸಿದ್ದು ಒಳಗೆ ಕೂತವರು ಸುರಕ್ಷಿತವಾಗಿ ಇಳಿಯಲೆಂದು. ಆ ಕೆಲಸದಲ್ಲಿ ಮೊದಲು ನೋಡಬೇಕಾದದ್ದು ಮನುಷ್ಯನನ್ನು, ಆಮೇಲೆ ಮರವನ್ನು.