ಶೇಖರನ ಬಿಳಿ ಬೆರಳು

ಪಕ್ಕದ ಗುಡ್ಡದಲ್ಲಿ ಬೆಳಿಗ್ಗೆಯಿಂದ ಕಳೆ ಹೊಡೆಯುವ ಮಷಿನ್ ಕೂಗುತ್ತಿದೆ. ಹಸಿ ಹುಲ್ಲು, ಪೆಟ್ರೋಲು ಬೆರೆತ ವಾಸನೆ ಕಿಟಕಿಯವರೆಗೂ ಬಂದಿದೆ. ನಿಮಗದು ಹಿತವಾಗಿರಬಹುದು. ನಾನು ಮಾತ್ರ ಸದ್ದು ತಗ್ಗುವುದನ್ನೇ ಕಾಯುತ್ತೇನೆ. ಹಿಡಿದವನು ಬೆರಳು ಸಡಿಲಿಸಿದರೆ ಸದ್ದು ತಗ್ಗಬೇಕು. ತಗ್ಗದಿದ್ದರೆ ಎದ್ದು ಕಿಟಕಿಗೆ ಬರುತ್ತೇನೆ.

ಬಸರೀಕಟ್ಟೆಯ ಹತ್ತಿರ ನಮ್ಮ ದೊಡ್ಡಪ್ಪನ ಕಾಫಿ ತೋಟಕ್ಕೆ ಶೇಖರ ಇಂಥದೇ ಮಷಿನ್ ಹೊತ್ತು ಬರುತ್ತಿದ್ದ. ವರ್ಷಗಟ್ಟಲೆ ಊರೂರಿನ ಗುಡ್ಡ ಬೋಳಿಸಿದವನು. ಚಳಿಯ ಬೆಳಗಿನಲ್ಲಿ ಅವನ ಬೆರಳುಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿದ್ದವು, ಆಮೇಲೆ ನೀಲಿ, ಬಿಸಿಲೇರಿದರೆ ಕೆಂಪು, ಉರಿ. ತೋಟದವರಿಗೆ ಅದು ತಮಾಷೆ. ವಿಭೂತಿ ಶೇಖರ ಎಂದೇ ಕರೆಯುತ್ತಿದ್ದರು. ನಾನು ಭೌತಶಾಸ್ತ್ರದ ಪದವೀಧರ. ಕಂಪನದ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದವನು. ಆ ಕಂಪನ ಒಬ್ಬನ ಬೆರಳೊಳಗೆ ಹೊಕ್ಕು ಕೂರುತ್ತದೆಯೇ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಿರಲಿಲ್ಲ.

ಜೋಮು ಹಿಡಿದ ಬೆರಳಿನಿಂದ ಹಿಡಿಕೆಯ ಆಕ್ಸಿಲರೇಟರ್ ಒತ್ತಿ ಹಿಡಿಯಲಾಗದೆ, ಶೇಖರ ಅದನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿದ. ಒಳ್ಳೇ ತಲೆ ಓಡಿಸಿದ್ದಾನೆ ಎಂದು ದೊಡ್ಡಪ್ಪ ಹೊಗಳಿದರು.

ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ಅವನು ಜಾರಿ ಬಿದ್ದ. ಕೈ ಹಿಡಿಕೆ ಬಿಟ್ಟಿತು, ಟ್ಯೂಬು ಬಿಗಿದಿದ್ದರಿಂದ ಮಷಿನ್ ನಿಲ್ಲಲಿಲ್ಲ. ಹೆಗಲ ಬೆಲ್ಟಿಗೆ ಸಿಕ್ಕಿಕೊಂಡು, ಬ್ಲೇಡು ತಿರುಗುತ್ತಲೇ ಅವನತ್ತ ಹೊರಳಿತು. ಅವನು ಸ್ವಿಚ್ಚಿಗಾಗಿ ತಡಕುತ್ತಿದ್ದ. ಬೆರಳು ಸ್ವಿಚ್ಚಿನ ಮೇಲೇ ಇತ್ತು, ಬೆರಳಿಗೆ ಅದು ಗೊತ್ತಿರಲಿಲ್ಲ. ನಾನು ಮೇಲಿನ ಕಾಫಿ ಸಾಲಿನಿಂದ ಇಳಿದು ಆಫ್ ಮಾಡುವಷ್ಟರಲ್ಲಿ ಮೀನಖಂಡ ಸೀಳಿತ್ತು. ಈಗಲೂ ಕಣ್ಣಿಗೆ ಕಟ್ಟುವುದು ಬ್ಲೇಡಲ್ಲ, ರಕ್ತವಲ್ಲ. ತಡಕುವ ಆ ಬಿಳಿ ಬೆರಳು.

ಕೊಪ್ಪದಲ್ಲಿ ಡಾಕ್ಟರು ಕಾಲು ಹೊಲಿದು ಕೈ ನೋಡಿದರು. ಮಷಿನ್ನಿನ ನಡುಕಕ್ಕೆ ಬೆರಳಿನ ರಕ್ತನಾಳಗಳು ಹಾಳಾಗಿವೆ, ಚಳಿಗೆ ಮುಚ್ಚಿಕೊಳ್ಳುತ್ತವೆ, ಈ ಕೆಲಸ ಬಿಡಬೇಕು ಎಂದರು. ದೊಡ್ಡಪ್ಪ ಹೊರಗೆ ಬಂದು ನನಗೆ ಹೇಳಿದ್ದು ಇಷ್ಟು: "ಟ್ಯೂಬು ಕಟ್ಕಂಡಿದ್ದು ಅವನೇ ಅಲ್ವಾ ಮಾರಾಯ? ಅದಕ್ಕೆ ನಾವೆಂತ ಮಾಡದು?"

ಮೊನ್ನೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಶೇಖರ ಸಿಕ್ಕಿದ. ಕಾಲು ವಾಸಿಯಾಗಿದೆ. "ಬೆರಳು ಹಂಗೇ ಉಂಟು. ಅಂಗಿ ಗುಂಡಿ ಹೆಂಡ್ತಿ ಹಾಕ್ತಾಳೆ, ಮಹಾರಾಜ ಆಗಿದೀನಿ ಮಾರಾಯ್ರೆ," ಎಂದ. ಪಕ್ಕದಲ್ಲಿ ನಿಂತಿದ್ದ ಹೆಂಡತಿ ನಗಲಿಲ್ಲ.

ಇವತ್ತು ಕಿಟಕಿಯಲ್ಲಿ ಕೂರಲಾಗಲಿಲ್ಲ. ಗುಡ್ಡ ಹತ್ತಿ, ಕಳೆ ಹೊಡೆಯುತ್ತಿದ್ದವನಿಗೆ ಮಷಿನ್ ನಿಲ್ಲಿಸಿ ಕೈ ತೋರಿಸೆಂದೆ. "ಎಂತ, ಭವಿಷ್ಯ ಹೇಳ್ತೀರಾ?" ಎಂದು ನಗುತ್ತ ಚಾಚಿದ. ಎರಡು ಬೆರಳ ತುದಿ ಬೆಳ್ಳಗಿತ್ತು. ಶೇಖರನ ಕತೆ ಹೇಳಿದೆ. ಪೂರ್ತಿ ಕೇಳಿದ. ಆಮೇಲೆ ಉಳಿದ ಗುಡ್ಡವನ್ನೊಮ್ಮೆ ನೋಡಿ, "ಇದೊಂದು ಮುಗಿಸ್ತೀನಿ," ಎಂದು ಮಷಿನ್ ಶುರು ಮಾಡುವ ಹಗ್ಗ ಎಳೆದ.